ಹೃದಯಾಘಾತದ ಗಾಯ ಮಾಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಪಾಠ ಮಾಡುವವಳು. ರೋಗಿಯ ನಾಡಿ ಹಿಡಿಯುವುದು ನನ್ನ ಕೆಲಸವಲ್ಲ, ಸೂಕ್ಷ್ಮದರ್ಶಕದಲ್ಲಿ ಅಂಗಾಂಶ ನೋಡುವುದು ನನ್ನ ಕೆಲಸ. ಆದರೂ ನೆಂಟರಿಷ್ಟರಲ್ಲಿ ಯಾರಿಗೇ ಹಾರ್ಟ್ ಅಟ್ಯಾಕ್ ಆದರೂ ಫೋನು ನನಗೇ ಬರುತ್ತದೆ. ‘ಬ್ಲಾಕ್ ತೆಗೆದಾಯ್ತು, ಸ್ಟೆಂಟ್ ಹಾಕಿದಾರೆ, ಇನ್ನೇನೂ ತೊಂದರೆ ಇಲ್ಲ ಅಲ್ವಾ?’ ಎಂದು ಎಲ್ಲರೂ ಕೇಳುತ್ತಾರೆ. ಸ್ಟೆಂಟ್ ಹಾಕಿದ್ದು ರಕ್ತನಾಳಕ್ಕೆ. ಆ ನಾಳವನ್ನೇ ನಂಬಿಕೊಂಡಿದ್ದ ಮಾಂಸದ ಗೋಡೆಯಲ್ಲಿ ಗಾಯ ಆಗಿದೆ, ಅದು ಇನ್ನು ಮಾಯಬೇಕು. ಮಾಯಿಸುವವು ನಮ್ಮದೇ ಬಿಳಿ ರಕ್ತಕಣಗಳು. ಅವುಗಳ ಬಗ್ಗೆ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನೂ ನಾನು ಹೇಳುವ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಹಾರ್ಟ್ ಅಟ್ಯಾಕ್ ಆದಾಗ ಸಾಯುವುದು ಏನು?

ಹೃದಯದ ಸ್ನಾಯುವಿನ ಕೋಶಗಳು. ಕರೋನರಿ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿತೆಂದರೆ, ಅದರ ಕೆಳಗಿನ ಸ್ನಾಯುವಿಗೆ ಆಮ್ಲಜನಕ ಸಿಗುವುದಿಲ್ಲ. ಒಂದು ನಿಮಿಷದೊಳಗೆ ಅಲ್ಲಿ ಬಡಿತದ ಬಲ ಕುಗ್ಗುತ್ತದೆ. ಇಪ್ಪತ್ತರಿಂದ ನಲವತ್ತು ನಿಮಿಷ ಕಳೆದರೆ ಕೋಶಗಳು ಮತ್ತೆ ಚೇತರಿಸಿಕೊಳ್ಳಲಾಗದಂತೆ ಸಾಯಲು ತೊಡಗುತ್ತವೆ. ಸಾವು ಒಳಗಿನ ಪದರದಿಂದ ಶುರುವಾಗಿ ಹೊರಕ್ಕೆ ಹಬ್ಬುತ್ತದೆ. ಇದನ್ನು 1977ರಲ್ಲಿ ರೈಮರ್ ಮತ್ತು ಜೆನಿಂಗ್ಸ್ ನಾಯಿಗಳ ಹೃದಯದಲ್ಲಿ ತೋರಿಸಿಕೊಟ್ಟರು. ಎಡ ಹೃತ್ಕುಕ್ಷಿಯಲ್ಲಿ, ಅಂದರೆ ಹೃದಯದ ಎಡಗಡೆಯ ಕೆಳಗಿನ ಕೋಣೆಯಲ್ಲಿ, ಇನ್ನೂರರಿಂದ ನಾನೂರು ಕೋಟಿ ಸ್ನಾಯುಕೋಶಗಳಿವೆ. ದೊಡ್ಡ ಅಟ್ಯಾಕ್ ಒಂದರಲ್ಲಿ ನೂರು ಕೋಟಿಯಷ್ಟು ಕೋಶಗಳು ಕೆಲವೇ ಗಂಟೆಗಳಲ್ಲಿ ಸತ್ತುಹೋಗಬಹುದು.

ಅದಕ್ಕೇ ಗಡಿಯಾರ ಮುಖ್ಯ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಉಳಿಸಿದ ಪ್ರತಿ ನಿಮಿಷಕ್ಕೂ ಸಾಯುವ ಸ್ನಾಯು ಕಡಿಮೆ, ಆಮೇಲೆ ಮಾಯಬೇಕಾದ ಗಾಯವೂ ಕಡಿಮೆ. ಎದೆ ಹಿಡಿದುಕೊಂಡರೆ ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿಸಿ ಕಾಯಬೇಡಿ.

ಚರ್ಮ ಹರಿದರೆ ಮತ್ತೆ ಬೆಳೆಯುತ್ತದಲ್ಲ, ಹೃದಯ ಏಕೆ ಬೆಳೆಯುವುದಿಲ್ಲ?

ಬೆಳೆಯುತ್ತದೆ, ಆದರೆ ಲೆಕ್ಕಕ್ಕೆ ಸಿಗದಷ್ಟು ನಿಧಾನವಾಗಿ. 2009ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಬಹಳ ಜಾಣತನದ ದಾರಿಯೊಂದನ್ನು ಹಿಡಿದು ಇದನ್ನು ಅಳೆದರು. ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಾಗಿತ್ತು, ಪರೀಕ್ಷೆಗಳು ನಿಂತ ಮೇಲೆ ಇಳಿಯುತ್ತಾ ಬಂತು. ಕೋಶದ ಡಿಎನ್‌ಎಯಲ್ಲಿ ಅದು ಎಷ್ಟಿದೆ ಎಂದು ನೋಡಿದರೆ ಆ ಕೋಶ ಯಾವ ವರ್ಷ ಹುಟ್ಟಿತೆಂದು ತಿಳಿಯುತ್ತದೆ. ಇಪ್ಪತ್ತೈದರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ 1ರಷ್ಟು, ಎಪ್ಪತ್ತೈದರಲ್ಲಿ ಶೇ 0.45ರಷ್ಟು ಸ್ನಾಯುಕೋಶಗಳು ಹೊಸದಾಗುತ್ತವೆ ಎಂಬುದು ಅವರಿಗೆ ಸಿಕ್ಕ ಉತ್ತರ. ಒಂದೇ ದಿನ ಕಾಲುಭಾಗ ಕಳೆದುಕೊಂಡ ಹೃದಯಕ್ಕೆ ಇದು ಏನೂ ಸಾಲದು. ಹಾಗಾಗಿ ದೇಹ ಆ ಜಾಗವನ್ನು ಗಟ್ಟಿಯಾದ ಕೊಲಾಜೆನ್ ನಾರಿನಿಂದ ತುಂಬುತ್ತದೆ. ಈ ನಾರು ಬಡಿಯುವುದಿಲ್ಲ, ಆದರೆ ಗೋಡೆಯನ್ನು ಹರಿಯದಂತೆ ಹಿಡಿದಿಡುತ್ತದೆ. ಆ ಗಾಯದ ಕಲೆ ಚೆನ್ನಾಗಿ ಕಟ್ಟಿದರೆ ಮನುಷ್ಯ ದಶಕಗಟ್ಟಲೆ ಬಾಳುತ್ತಾನೆ. ಹದ ತಪ್ಪಿದರೆ ಹೃದಯ ಹಿಗ್ಗಿ ಸೋಲುತ್ತದೆ.

ಅಲ್ಲಿ ಯಾವ ರೋಗಾಣುವೂ ಇಲ್ಲವಲ್ಲ, ಬಿಳಿ ರಕ್ತಕಣಗಳಿಗೆ ಅಲ್ಲೇನು ಕೆಲಸ?

ತರಗತಿಯಲ್ಲಿ ಪ್ರತಿ ವರ್ಷ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ, ನನಗೆ ಬಹಳ ಇಷ್ಟದ ಪ್ರಶ್ನೆ. ರಕ್ಷಣಾ ವ್ಯವಸ್ಥೆ ಎಂದರೆ ರೋಗಾಣು ಕೊಲ್ಲುವುದು ಮಾತ್ರ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಆದರೆ ಅದರ ಇನ್ನೊಂದು ಕಸುಬು ಅಷ್ಟೇ ಹಳೆಯದು: ಸತ್ತದ್ದನ್ನು ತೆಗೆಯುವುದು, ಮುರಿದದ್ದನ್ನು ಕೂಡಿಸುವುದು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ರಷ್ಯಾದ ಜೀವವಿಜ್ಞಾನಿ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಯೊಳಗೆ ಮುಳ್ಳೊಂದನ್ನು ಚುಚ್ಚಿ, ಮಾರನೆಯ ದಿನ ಅದರ ಸುತ್ತ ಅಲೆಮಾರಿ ಕೋಶಗಳು ಮುತ್ತಿಕೊಂಡಿದ್ದನ್ನು ಕಂಡರು. ಭಕ್ಷಕ ಕೋಶಗಳ ಕಥೆ ಅಲ್ಲಿಂದ ಶುರುವಾಯಿತು. 1908ರ ನೊಬೆಲ್ ಪ್ರಶಸ್ತಿ ಅವರಿಗೂ ಪಾಲ್ ಎರ್ಲಿಕ್ ಅವರಿಗೂ ಸೇರಿ ಬಂತು.

ಸ್ನಾಯುಕೋಶ ಸತ್ತು ಒಡೆದಾಗ ಅದರೊಳಗೇ ಇರಬೇಕಾದ ವಸ್ತುಗಳು ಹೊರಗೆ ಚೆಲ್ಲುತ್ತವೆ. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣು, ಆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದ ಡಿಎನ್‌ಎ, ಕೋಶಕೇಂದ್ರದ ಕೆಲವು ಪ್ರೋಟೀನುಗಳು, ಹೀಗೆ. ಇವು ಕೋಶದ ಹೊರಗೆ ಕಂಡವೆಂದರೆ ಎಲ್ಲೋ ಅನಾಹುತವಾಗಿದೆ ಎಂದೇ ಅರ್ಥ. ಪಕ್ಕದ ಕೋಶಗಳು ಅದನ್ನು ಗುರುತಿಸಿ ಸುದ್ದಿಯ ಅಣುಗಳನ್ನು ರಕ್ತಕ್ಕೆ ಬಿಡುತ್ತವೆ, ರಕ್ತನಾಳದ ಒಳಗೋಡೆ ಅಂಟಂಟಾಗುತ್ತದೆ, ಹರಿದು ಹೋಗುತ್ತಿದ್ದ ಬಿಳಿ ರಕ್ತಕಣಗಳು ಅಲ್ಲಿ ತಡೆದು ನಿಂತು ಒಳಗೆ ನುಸುಳುತ್ತವೆ. ಇದೇ ಉರಿಯೂತ. ಕಾಲಿಗೆ ಮುಳ್ಳು ಹೊಕ್ಕಾಗ ಕೆಂಪಾಗಿ ಊದುವುದೂ ಇದೇ.

ಮೊದಲು ಬರುವವು ಯಾವುವು?

ನ್ಯೂಟ್ರೋಫಿಲ್‌ಗಳು. ಕೆಲವೇ ಗಂಟೆಗಳಲ್ಲಿ ಬರತೊಡಗುತ್ತವೆ, ಒಂದರಿಂದ ಮೂರನೆಯ ದಿನದೊಳಗೆ ಕಿಕ್ಕಿರಿಯುತ್ತವೆ. ತಮ್ಮ ಕಿಣ್ವಗಳನ್ನೂ ಉಗ್ರವಾದ ಆಮ್ಲಜನಕದ ರೂಪಗಳನ್ನೂ ಸುರಿದು ಸತ್ತ ಅಂಗಾಂಶವನ್ನು ಕರಗಿಸತೊಡಗುತ್ತವೆ. ಪಕ್ಕದಲ್ಲಿ ಜೀವ ಹಿಡಿದುಕೊಂಡಿರುವ ಸ್ನಾಯುಕೋಶಕ್ಕೂ ಇದರ ಏಟು ಬೀಳುತ್ತದೆ. ಈ ಕಾರಣಕ್ಕೆ ಬಹಳ ಕಾಲ ಇವನ್ನು ಕೇಡಿಗರೆಂದೇ ಬಗೆದು, ತಡೆಯುವ ಔಷಧಿ ಹುಡುಕಿದರು. ಇಲಿ, ನಾಯಿ, ಮೊಲಗಳಲ್ಲಿ ಚೆನ್ನಾಗಿ ಕಂಡ ಔಷಧಿಗಳು ಮನುಷ್ಯರಲ್ಲಿ ಕೈಕೊಟ್ಟವು. ಈ ಉರಿಯೂತಕ್ಕೆ ಕುಮ್ಮಕ್ಕು ಕೊಡುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನು ಸರಣಿಯನ್ನು ತಡೆಯಲು ಪೆಕ್ಸೆಲಿಝುಮ್ಯಾಬ್ ಎಂಬ ಔಷಧಿಯನ್ನು 5,745 ರೋಗಿಗಳಲ್ಲಿ ಪರೀಕ್ಷಿಸಿದರು. 2007ರಲ್ಲಿ ಬಂದ ಫಲಿತಾಂಶ: ಸಾವು ಕಡಿಮೆಯಾಗಲಿಲ್ಲ.

2017ರಲ್ಲಿ ಜರ್ಮನಿಯ ತಂಡವೊಂದು ಇಲಿಗಳಲ್ಲಿ ನ್ಯೂಟ್ರೋಫಿಲ್‌ಗಳನ್ನೇ ತೆಗೆದು ನೋಡಿತು. ಗಾಯ ಇನ್ನೂ ಕೆಟ್ಟದಾಗಿ ಮಾಯಿತು, ನಾರು ಹೆಚ್ಚಾಯಿತು, ಹೃದಯದ ಬಲ ಕುಗ್ಗಿತು. ಮುಂದೆ ಬರುವ ಮ್ಯಾಕ್ರೊಫೇಜ್‌ಗಳಿಗೆ ಕಸ ತಿನ್ನುವುದನ್ನು ಕಲಿಸಿ ಹೋಗುವವೇ ಈ ನ್ಯೂಟ್ರೋಫಿಲ್‌ಗಳಂತೆ. ಕೇಡು ಮಾಡುವ ಕೈಯೇ ಕೆಲಸವನ್ನೂ ಮಾಡುತ್ತಿದ್ದರೆ, ಆ ಕೈ ಕಟ್ಟಿಹಾಕಿ ಪ್ರಯೋಜನವಿಲ್ಲ.

ಮ್ಯಾಕ್ರೊಫೇಜ್ ಎಂದರೇನು? ಎಲ್ಲರೂ ಅದನ್ನೇ ಮುಖ್ಯ ಎನ್ನುತ್ತಾರಲ್ಲ?

ಮುಖ್ಯವೇ. ‘ಮಹಾಭಕ್ಷಕ’ ಎಂದು ಕನ್ನಡದಲ್ಲಿ ಬರೆಯುವುದುಂಟು, ಆದರೆ ತಿನ್ನುವುದು ಅದರ ಅರ್ಧ ಕೆಲಸ ಮಾತ್ರ.

ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಮೊನೊಸೈಟ್ ಎಂಬ ಬಿಳಿ ರಕ್ತಕಣ ಗಾಯದೊಳಗೆ ಇಳಿದು ಮ್ಯಾಕ್ರೊಫೇಜ್ ಆಗುತ್ತದೆ. 2007ರಲ್ಲಿ ಬಾಸ್ಟನ್ನಿನ ನಾರೆನ್‌ಡಾರ್ಫ್, ಸ್ವಿರ್ಸ್ಕಿ ಮತ್ತು ಸಂಗಡಿಗರು ಇಲಿಗಳಲ್ಲಿ ಈ ಕೆಲಸ ಎರಡು ಪಾಳಿಯಲ್ಲಿ ನಡೆಯುವುದನ್ನು ತೋರಿಸಿದರು. ಮೊದಲ ನಾಲ್ಕು ದಿನ ಒರಟು ಸ್ವಭಾವದವು ಮೇಲುಗೈ. ಉರಿಯೂತ ಹೆಚ್ಚಿಸುತ್ತವೆ, ಸತ್ತ ಸ್ನಾಯುವನ್ನು ಕಿಣ್ವಗಳಿಂದ ಕತ್ತರಿಸಿ ನುಂಗುತ್ತವೆ. ಐದನೆಯ ದಿನದ ಹೊತ್ತಿಗೆ ಪಾಳಿ ಬದಲಾಗುತ್ತದೆ. ಈಗ ಇರುವವು ಉರಿಯೂತವನ್ನು ಇಳಿಸುವ, ಹೊಸ ರಕ್ತನಾಳಗಳನ್ನು ಕರೆಯುವ, ನಾರು ನೇಯುವ ಫೈಬ್ರೊಬ್ಲಾಸ್ಟ್‌ಗಳನ್ನು ಎಬ್ಬಿಸುವ ಜಾತಿಯವು. 2009ರಲ್ಲಿ ಜಪಾನಿನ ವೈದ್ಯರು ಹೃದಯಾಘಾತವಾದವರ ರಕ್ತ ನೋಡಿದಾಗ ಮನುಷ್ಯರಲ್ಲೂ ಇದೇ ಎರಡು ಅಲೆ ಕಂಡಿತು: ಒಂದು ಬಗೆಯ ಮೊನೊಸೈಟ್ ಮೂರನೆಯ ದಿನ ಏರಿತು, ಇನ್ನೊಂದು ಐದನೆಯ ದಿನ.

ಪಾಳಿ ಬದಲಿಸಲು ಸೂಚನೆ ಕೊಡುವವರು ಯಾರು? ಉತ್ತರ ಚೆಂದವಾಗಿದೆ. ಕೆಲಸ ಮುಗಿಸಿ ಸತ್ತ ನ್ಯೂಟ್ರೋಫಿಲ್ ಅನ್ನು ಮ್ಯಾಕ್ರೊಫೇಜ್ ನುಂಗುತ್ತದೆ. ಆ ನುಂಗುವ ಕ್ರಿಯೆಯೇ ಅದರ ಸ್ವಭಾವ ತಿರುಗಿಸುತ್ತದೆ. ಕಸ ಮುಗಿಯುತ್ತಾ ಬಂದಂತೆ ಕಟ್ಟುವ ಕೆಲಸ ತಾನಾಗಿ ಶುರುವಾಗುತ್ತದೆ. ಸತ್ತ ಕೋಶವನ್ನು ಗುರುತಿಸಿ ನುಂಗಲು ಬೇಕಾದ ಪ್ರೋಟೀನೊಂದನ್ನು ಇಲಿಗಳಲ್ಲಿ ಇಲ್ಲವಾಗಿಸಿದರೆ ಸತ್ತ ಕೋಶಗಳು ಹಾಗೇ ಉಳಿದು, ಉರಿಯೂತ ಎಳೆದಾಡಿ, ಗಾಯ ದೊಡ್ಡದಾಗುತ್ತದೆ.

ಪ್ರತಿ ಹೃದಯದಲ್ಲೂ ಅಟ್ಯಾಕ್‌ಗೆ ಮೊದಲೇ ನೆಲೆಸಿರುವ ಮ್ಯಾಕ್ರೊಫೇಜ್‌ಗಳೂ ಇವೆ. ಇವುಗಳಲ್ಲಿ ಬಹಳಷ್ಟು ನಾವು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಹೃದಯ ಸೇರಿಕೊಂಡವುಗಳ ಸಂತತಿ. ಸುಮ್ಮನೆ ಕೂತಿರುವುದಿಲ್ಲ, 2017ರಲ್ಲಿ ಗೊತ್ತಾದಂತೆ, ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ದಾಟುವ ಗಂಟಿನಲ್ಲಿ ಇವು ಸ್ನಾಯುಕೋಶಕ್ಕೆ ಅಂಟಿಕೊಂಡು ಬಡಿತದ ಸಂಕೇತ ದಾಟಿಸಲು ನೆರವಾಗುತ್ತವೆ. ಇಲಿಗಳಲ್ಲಿ ಇವನ್ನು ತೆಗೆದಾಗ ಸಂಕೇತ ನಡುವೆಯೇ ತಡೆದುಹೋಯಿತು. ದುಃಖದ ಸಂಗತಿಯೆಂದರೆ ಅಟ್ಯಾಕ್ ಆದ ಜಾಗದಲ್ಲಿ ಈ ಹಳಬರೂ ಸ್ನಾಯುವಿನೊಂದಿಗೇ ಸತ್ತುಹೋಗುತ್ತಾರೆ.

ಹೊಟ್ಟೆಯಲ್ಲಿರುವ ಗುಲ್ಮಕ್ಕೂ ಹೃದಯಕ್ಕೂ ಏನು ಸಂಬಂಧ?

ಗುಲ್ಮ, ಅಂದರೆ ಸ್ಪ್ಲೀನ್, ಮೊನೊಸೈಟ್‌ಗಳ ಉಗ್ರಾಣ. 2009ರಲ್ಲಿ ಇದೇ ಬಾಸ್ಟನ್ ತಂಡ ಕಂಡುಕೊಂಡಿತು: ಅಟ್ಯಾಕ್ ಆದೊಡನೆ ಗುಲ್ಮ ತನ್ನ ದಾಸ್ತಾನನ್ನು ರಕ್ತಕ್ಕೆ ಬಿಟ್ಟುಕೊಡುತ್ತದೆ. ಗುಲ್ಮ ತೆಗೆದ ಇಲಿಗಳಲ್ಲಿ ಹೃದಯದ ಗಾಯ ಸರಿಯಾಗಿ ಮಾಯಲಿಲ್ಲ. ಬಾಗಿಲು ತೆರೆಯಲು ಹೇಳುವ ಸಂಕೇತಗಳಲ್ಲಿ ಆಂಜಿಯೊಟೆನ್ಸಿನ್ ಎಂಬ, ಬಿಪಿಯನ್ನೂ ಏರಿಸುವ ಹಾರ್ಮೋನು ಒಂದು. ಡಿಸ್ಚಾರ್ಜ್ ಚೀಟಿಯಲ್ಲಿ ರಾಮಿಪ್ರಿಲ್, ಎನಾಲಾಪ್ರಿಲ್ ಎಂದು ಬರೆದಿರುತ್ತಾರಲ್ಲ, ಆ ಗುಂಪಿನ ಮಾತ್ರೆಗಳು ತಡೆಯುವುದು ಇದನ್ನೇ. ‘ಬಿಪಿ ಸರಿಯಾಗೇ ಇದೆ, ಈ ಮಾತ್ರೆ ಯಾಕೆ?’ ಎಂದು ನಿಲ್ಲಿಸಿಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಮಾತ್ರೆ ಕೊಟ್ಟಿರುವುದು ಗಾಯವಾದ ಹೃದಯ ಹಿಗ್ಗದಿರಲಿ ಎಂದು. 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದೇ ಗುಂಪಿನ ಕ್ಯಾಪ್ಟೊಪ್ರಿಲ್ ತೆಗೆದುಕೊಂಡವರಲ್ಲಿ, ಹೃದಯದ ಬಲ ಕುಗ್ಗಿದ್ದ 2,231 ಜನರ ಪೈಕಿ, ಸಾವು ಶೇ 19ರಷ್ಟು ಕಡಿಮೆಯಾಗಿತ್ತು.

ಸೂಕ್ಷ್ಮದರ್ಶಕದಲ್ಲಿ ಇದೆಲ್ಲ ಹೇಗೆ ಕಾಣುತ್ತದೆ?

ಕುಳಿತು ತೋರಿಸಬೇಕೆಂದು ಆಸೆ. ಬರೆಯಲು ಯತ್ನಿಸುತ್ತೇನೆ.

ಆರೋಗ್ಯವಂತ ಹೃದಯಸ್ನಾಯು ಗುಲಾಬಿ ಬಣ್ಣದ ಉದ್ದುದ್ದ ಪಟ್ಟಿ. ಪಟ್ಟಿಗೆ ಅಡ್ಡಲಾಗಿ ಸಣ್ಣ ಗೆರೆಗಳು, ನಡುವೆ ನೇರಳೆ ಚುಕ್ಕೆಯಂತೆ ಕೋಶಕೇಂದ್ರ. ಮೊದಲ ದಿನದ ಹೃದಯದಲ್ಲಿ ಆ ಪಟ್ಟಿಗಳು ಅಲೆಅಲೆಯಾಗಿ ಸೊಟ್ಟಗಾಗಿ, ಗುಲಾಬಿ ಕಡುವಾಗಿರುತ್ತದೆ. ಕೋಶಕೇಂದ್ರಗಳು ಮಾಸುತ್ತಿರುತ್ತವೆ. ಮನೆ ಹಾಗೇ ನಿಂತಿದೆ, ಒಳಗೆ ಯಾರೂ ಇಲ್ಲ. ಎರಡನೆಯ, ಮೂರನೆಯ ದಿನದ ಸ್ಲೈಡಿನಲ್ಲಿ ಪಟ್ಟಿ ಪಟ್ಟಿಯ ಸಂದಿಯಲ್ಲೂ ರಾಗಿ ಚೆಲ್ಲಿದಂತೆ ನ್ಯೂಟ್ರೋಫಿಲ್‌ಗಳು. ಏಳನೆಯ ದಿನಕ್ಕೆ ಸತ್ತ ಪಟ್ಟಿಗಳು ಅಲ್ಲಲ್ಲಿ ಮಾಯವಾಗಿ, ಆ ಜಾಗದಲ್ಲಿ ಹೊಟ್ಟೆ ತುಂಬಿದ ದೊಡ್ಡ ದೊಡ್ಡ ಮ್ಯಾಕ್ರೊಫೇಜ್‌ಗಳು. ಅಂಚಿನಿಂದ ಎಳೆಯ ರಕ್ತನಾಳಗಳು ಒಳಕ್ಕೆ ತೆವಳುತ್ತಿರುತ್ತವೆ. ಎರಡು ತಿಂಗಳ ಹಳೆಯ ಗಾಯಕ್ಕೆ ಟ್ರೈಕ್ರೋಮ್ ಬಣ್ಣ ಹಾಕಿದರೆ ಉಳಿದ ಸ್ನಾಯು ಕೆಂಪಗೆ, ಕಲೆ ಅಚ್ಚ ನೀಲಿಗೆ ಕಾಣುತ್ತದೆ. ಕೋಶಗಳು ಬೆರಳೆಣಿಕೆಯಷ್ಟು.

ಕೈಯಲ್ಲಿ ಹಿಡಿದ ಹೃದಯದಲ್ಲೂ ಕಾಲ ಕಾಣುತ್ತದೆ. ಒಂದು ವಾರದ್ದಾದರೆ ಗಾಯದ ನಡುಭಾಗ ಹಳದಿ, ಬೆರಳಿಟ್ಟರೆ ಕುಸಿಯುವಷ್ಟು ಮೆತ್ತಗೆ. ಸುತ್ತ ಕೆಂಪು ಅಂಚು. ಎರಡು ತಿಂಗಳದ್ದು ಬೆಳ್ಳಗೆ, ಚರ್ಮದಷ್ಟು ಗಟ್ಟಿ. ಈ ಪಂಚಾಂಗವನ್ನು ಮೊದಲು ವ್ಯವಸ್ಥಿತವಾಗಿ ಬರೆದವರು ಮ್ಯಾಲರಿ, ಪಾಲ್ ವೈಟ್ ಮತ್ತು ಸಾಲ್ಸೆಡೊ-ಸಾಲ್ಗಾರ್. ತೀರಿಕೊಂಡ 72 ಜನರ ಹೃದಯಗಳನ್ನು ಪರೀಕ್ಷಿಸಿ 1939ರಲ್ಲಿ ಪ್ರಕಟಿಸಿದರು. ನಾವು ಇವತ್ತಿಗೂ ಕಲಿಸುವುದು ಹೆಚ್ಚುಕಡಿಮೆ ಅದನ್ನೇ.

ಸ್ಟೆಂಟ್ ಹಾಕಿದ ಮರುದಿನ ಅಪ್ಪನಿಗೆ ಸಣ್ಣ ಜ್ವರ, ರಿಪೋರ್ಟಿನಲ್ಲಿ ಬಿಳಿ ರಕ್ತಕಣ ಜಾಸ್ತಿ. ಸೋಂಕಾಗಿದೆಯೇ?

ಆಗಿರಲೇಬೇಕೆಂದಿಲ್ಲ. ಇಷ್ಟೆಲ್ಲ ಉರಿಯೂತ ನಡೆಯುವಾಗ ಮೈ ಬೆಚ್ಚಗಾಗುವುದು, ಬಿಳಿ ರಕ್ತಕಣ ಮತ್ತು ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಏರುವುದು ಸಹಜ. ಮೊದಲ ಎರಡು ಮೂರು ದಿನದಲ್ಲಿ ಕಂಡು ತಾನಾಗಿ ಇಳಿಯುತ್ತದೆ. ಚಳಿ ನಡುಕ, ಏರುತ್ತಲೇ ಹೋಗುವ ಜ್ವರ, ಕೆಮ್ಮು ಕಫ, ಸೂಜಿ ಹಾಕಿದ ಜಾಗದಲ್ಲಿ ಕೀವು ಇದ್ದರೆ ಬೇರೆ ಮಾತು. ಎರಡನ್ನೂ ಬೇರ್ಪಡಿಸಿ ನೋಡುವುದು ವಾರ್ಡಿನ ವೈದ್ಯರ ಕೆಲಸ. ಡ್ಯೂಟಿ ಡಾಕ್ಟರನ್ನು ಕೇಳಿ, ಸಂಕೋಚ ಬೇಡ.

ಐದನೇ ದಿನಕ್ಕೆ ಮನೆಗೆ ಬಂದರು, ಓಡಾಡುತ್ತಿದ್ದಾರೆ, ನೋವೇ ಇಲ್ಲ. ಕೆಲಸಕ್ಕೆ ಹೋಗಬಹುದೇ?

ಇದೊಂದು ಉತ್ತರವನ್ನಾದರೂ ಮನೆಯವರೆಲ್ಲ ಓದಿ.

ನಮ್ಮ ದೊಡ್ಡಪ್ಪ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು. ಐದನೆಯ ದಿನ ಡಿಸ್ಚಾರ್ಜ್ ಆಯಿತು. ಏಳನೆಯ ದಿನ ಬೆಳಿಗ್ಗೆ ದೊಡ್ಡಮ್ಮ ಕಾಫಿ ಹಿಡಿದು ಹುಡುಕಿದರೆ ಹಾಸಿಗೆ ಖಾಲಿ. ತೋಟದಲ್ಲಿ ಕುಕ್ಕರುಗಾಲಲ್ಲಿ ಕೂತು ನೀರಿನ ಪೈಪ್ ಎಳೆಯುತ್ತಿದ್ದರು. ‘ನಂಗೇನಾಗಿದೆ? ಆರಾಮಿದೀನಿ’ ಎಂದರಂತೆ. ನಾನು ಫೋನಿನಲ್ಲಿ ಹೇಳಿದೆ: ‘ದೊಡ್ಡಪ್ಪ, ಮಣ್ಣಿನ ಗೋಡೆ ಇಡಿಸುವಾಗ ಕೆಳಗಿನ ವರಸೆ ಒಣಗದೆ ಮೇಲಿನದು ಇಡಕ್ಕೆ ಬಿಡ್ತಿದ್ರಾ? ಈಗ ಹೃದಯದ ಗೋಡೆ ಹಸಿ ಇದೆ.’ ಅದು ಅವರಿಗೆ ಅರ್ಥವಾಯಿತು. ಪೈಪ್ ಅಲ್ಲೇ ಬಿಟ್ಟು ಒಳಗೆ ಬಂದರು.

ನಡೆಯುವುದು ಇದು: ಮೊದಲ ವಾರದಲ್ಲಿ ಹಳೆಯ ಗೋಡೆಯನ್ನು ಮ್ಯಾಕ್ರೊಫೇಜ್‌ಗಳು ತೆಗೆಯುತ್ತಿರುತ್ತವೆ, ಹೊಸ ನಾರು ಇನ್ನೂ ಕೂತಿರುವುದಿಲ್ಲ. ನೋವು ಹೋಗಿರುತ್ತದೆ, ಗೋಡೆ ಮಾತ್ರ ಅತಿ ದುರ್ಬಲವಾಗಿರುವ ಹೊತ್ತು ಅದೇ. ಗೋಡೆ ಬಿರಿಯುವ ಅಪಾಯ, ಅದು ಈಗ ಬಹಳ ಅಪರೂಪ, ಇದ್ದರೆ ಹೆಚ್ಚಾಗಿ ಈ ದಿನಗಳಲ್ಲೇ. ಬೇಗ ಬ್ಲಾಕ್ ತೆರೆದವರಲ್ಲಿ ಗಾಯ ಚಿಕ್ಕದು, ಅಪಾಯವೂ ಕಡಿಮೆ. ನಾರು ಬಲಿಯಲು ಆರರಿಂದ ಎಂಟು ವಾರ ಬೇಕು. ಹಾಗೆಂದು ಹಾಸಿಗೆ ಹಿಡಿಸಬೇಡಿ, ಅದೂ ತಪ್ಪು. ಮನೆಯೊಳಗೆ, ಅಂಗಳದಲ್ಲಿ ನಿಧಾನವಾಗಿ ನಡೆಯುವುದು ಒಳ್ಳೆಯದು. ಭಾರ ಎತ್ತುವುದು, ಉಸಿರು ಬಿಗಿಹಿಡಿದು ಎಳೆಯುವುದು, ಮಲಬದ್ಧತೆಯಲ್ಲಿ ತಿಣುಕುವುದು ಬೇಡ. ಯಾವಾಗ ಎಷ್ಟು ಎಂಬುದನ್ನು ಎಕೋ (ಹೃದಯದ ಸ್ಕ್ಯಾನ್) ನೋಡಿದ ವೈದ್ಯರು ಹೇಳಬೇಕು. ಎರಡು ಜನರ ಗಾಯ ಒಂದೇ ಅಳತೆಯದಾಗಿರುವುದಿಲ್ಲ.

ಉರಿಯೂತ ಇಳಿಸುವ ಮಾತ್ರೆ ಕೊಟ್ಟರೆ ಬೇಗ ಮಾಯುವುದಿಲ್ಲವೇ?

ಹಾಗೆಂದೇ ಹಿಂದಿನವರೂ ಅಂದುಕೊಂಡಿದ್ದರು. 1970ರ ದಶಕದಲ್ಲಿ ಹೆಚ್ಚಿನ ಪ್ರಮಾಣದ ಸ್ಟಿರಾಯ್ಡ್ ಕೊಟ್ಟು ನೋಡಿದಾಗ ಗಾಯ ಸರಿಯಾಗಿ ಕೂಡುವುದಿಲ್ಲ ಎಂಬ ಭಯ ಹುಟ್ಟಿ ಆ ದಾರಿ ಬಿಟ್ಟರು. ಪ್ರಾಣಿಗಳಲ್ಲಿ ಐಬುಪ್ರೊಫೆನ್, ಇಂಡೊಮೆಥಾಸಿನ್‌ನಂಥ ನೋವುನಿವಾರಕಗಳೂ ಗಾಯದ ಕಲೆಯನ್ನು ತೆಳ್ಳಗಾಗಿಸಿದವು. ಮ್ಯಾಕ್ರೊಫೇಜ್‌ಗಳನ್ನು ತೆಗೆದ ಇಲಿಗಳಲ್ಲಿ ಸತ್ತ ಸ್ನಾಯು ಹಾಗೇ ಉಳಿದು ಗೋಡೆ ಹಿಗ್ಗಿತು. ಕಸ ತೆಗೆಯುವವರೇ ಇಲ್ಲದೆ ಗೋಡೆ ಏಳುವುದಿಲ್ಲ.

ಮನೆಮಂದಿಗೆ ಇದರಿಂದ ಒಂದು ನೇರ ಎಚ್ಚರಿಕೆ. ಹಾರ್ಟ್ ಅಟ್ಯಾಕ್ ಆದವರಿಗೆ ಮಂಡಿನೋವು ಸೊಂಟನೋವೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು ಕೊಡಬೇಡಿ. ಡೆನ್ಮಾರ್ಕಿನ ದೊಡ್ಡ ದಾಖಲೆಗಳನ್ನು 2011ರಲ್ಲಿ ಪರಿಶೀಲಿಸಿದಾಗ, ಹಿಂದೆ ಅಟ್ಯಾಕ್ ಆಗಿದ್ದವರಲ್ಲಿ ಇಂಥ ಮಾತ್ರೆಯ ಅಲ್ಪಾವಧಿ ಬಳಕೆಯೂ ಸಾವು ಮತ್ತು ಎರಡನೆಯ ಅಟ್ಯಾಕ್‌ನ ಹೆಚ್ಚಳದೊಂದಿಗೆ ತಳುಕು ಹಾಕಿಕೊಂಡಿತ್ತು. ವೈದ್ಯರು ಬರೆದ ಕಡಿಮೆ ಪ್ರಮಾಣದ ಆಸ್ಪಿರಿನ್ ಬೇರೆ, ಅದನ್ನು ನಿಲ್ಲಿಸಲೇಬೇಡಿ.

ಇಡೀ ಉರಿಯೂತ ಅಡಗಿಸುವ ಬದಲು ಒಂದೇ ಎಳೆ ಹಿಡಿದರೆ? 2017ರ ಕ್ಯಾಂಟೋಸ್ ಪ್ರಯೋಗದಲ್ಲಿ ಹಿಂದೆ ಅಟ್ಯಾಕ್ ಆಗಿದ್ದ 10,061 ಜನರನ್ನು ಸೇರಿಸಿ, ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಒಂದು ಸುದ್ದಿಯ ಅಣುವನ್ನು ತಡೆಯುವ ಕನಾಕಿನುಮ್ಯಾಬ್ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ಕೊಟ್ಟರು. 150 ಮಿಲಿಗ್ರಾಂ ಪಡೆದವರಲ್ಲಿ ಮುಂದಿನ ಅಟ್ಯಾಕ್, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಸೇರಿ ಶೇ 15ರಷ್ಟು ಕಡಿಮೆಯಾದವು. ಉರಿಯೂತ ಹೃದ್ರೋಗದ ಕಾರಣಗಳಲ್ಲೊಂದು ಎಂಬುದಕ್ಕೆ ಮನುಷ್ಯರಲ್ಲೇ ಸಿಕ್ಕ ಮೊದಲ ಗಟ್ಟಿ ಪುರಾವೆ ಅದು. ಆದರೆ ಪ್ರಾಣ ತೆಗೆಯುವ ಸೋಂಕುಗಳು ಹೆಚ್ಚಾದವು, ಒಟ್ಟು ಸಾವು ಕಡಿಮೆಯಾಗಲಿಲ್ಲ. ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು ಔಷಧಿಯ ಪ್ರಯೋಗದಲ್ಲಿ ಲಾಭವೇ ಕಾಣಲಿಲ್ಲ. ಯಾವ ಎಳೆ, ಯಾವ ದಿನ, ಎಷ್ಟು ಎಂಬುದರ ಮೇಲೆ ಎಲ್ಲ ನಿಂತಿದೆ.

ಕಾಲ್ಚಿಸಿನ್ ಮಾತ್ರೆ ಒಳ್ಳೆಯದಂತೆ, ಹೌದೇ?

ಕೀಲು ಊದಿ ನೋಯುವ ಗೌಟ್ ಕಾಯಿಲೆಗೆ ಕೊಡುವ ಹಳೆಯ, ಅಗ್ಗದ ಮಾತ್ರೆ ಇದು. ನ್ಯೂಟ್ರೋಫಿಲ್‌ಗಳ ಓಡಾಟವನ್ನು ನಿಧಾನಿಸುತ್ತದೆ. 2019ರಲ್ಲಿ ಕೆನಡಾದ ಮಾಂಟ್ರಿಯಲ್‌ನಿಂದ ಮುನ್ನಡೆಸಿದ ಕೋಲ್ಕಾಟ್ ಪ್ರಯೋಗದಲ್ಲಿ, ಅಟ್ಯಾಕ್ ಆಗಿ ಮೂವತ್ತು ದಿನದೊಳಗಿನ 4,745 ಜನರಲ್ಲಿ, ದಿನಕ್ಕೆ 0.5 ಮಿಲಿಗ್ರಾಂ ತೆಗೆದುಕೊಂಡವರಿಗೆ ಹೃದಯದ ಅನಾಹುತಗಳು ಶೇ 5.5, ತೆಗೆದುಕೊಳ್ಳದವರಿಗೆ ಶೇ 7.1. ಎಲ್ಲರೂ ಹುಮ್ಮಸ್ಸಿನಲ್ಲಿದ್ದರು. 2024ರ ಕೊನೆಗೆ 7,062 ಜನರ ಇನ್ನೂ ದೊಡ್ಡ ಪ್ರಯೋಗದ ಫಲಿತಾಂಶ ಬಂತು; ಅದರಲ್ಲಿ ವ್ಯತ್ಯಾಸವೇ ಇರಲಿಲ್ಲ. ಹಾಗಾಗಿ ಇದು ಎಲ್ಲರಿಗೂ ಕೊಡುವ ಮಾತ್ರೆ ಎಂದು ನಾನು ಹೇಳಲಾರೆ. ನಿಮ್ಮ ವೈದ್ಯರು ಕೊಟ್ಟಿದ್ದರೆ ಕಾರಣ ಕೇಳಿ ತೆಗೆದುಕೊಳ್ಳಿ. ಮೂತ್ರಪಿಂಡದ ತೊಂದರೆ ಇದ್ದರೆ ಮುಂಚೆಯೇ ತಿಳಿಸಿ.

ಒಂದು ಮಾತು ಸೇರಿಸಲೇಬೇಕು. ನಮ್ಮ ಮಲೆನಾಡಿನ ಬೇಲಿಗಳಲ್ಲಿ ಕೆಂಪು ಹಳದಿ ಜ್ವಾಲೆಯಂತೆ ಅರಳುವ ಗೌರಿ ಹೂವಿನ ಬಳ್ಳಿಯಲ್ಲೂ, ಅಗ್ನಿಶಿಖೆ ಎನ್ನುತ್ತಾರಲ್ಲ, ಇದೇ ಕಾಲ್ಚಿಸಿನ್ ಇದೆ. ಅದರ ಗೆಡ್ಡೆ ಪ್ರಾಣ ತೆಗೆಯುವ ವಿಷ. ಔಷಧಿಯ ಆಸೆಗೆ ಯಾರೂ ಮುಟ್ಟಬಾರದು.

ಟಿ ಕೋಶ, ಬಿ ಕೋಶಗಳಿಗೂ ಪಾತ್ರ ಇದೆಯೇ?

ಇದೆ, ಇವೂ ಬಿಳಿ ರಕ್ತಕಣಗಳೇ. ಟಿ ಕೋಶಗಳಲ್ಲಿ ‘ನಿಯಂತ್ರಕ’ ಎಂಬ ಒಂದು ಬಗೆ ಉರಿಯೂತಕ್ಕೆ ಕಡಿವಾಣ ಹಾಕಿ ಮ್ಯಾಕ್ರೊಫೇಜ್‌ಗಳನ್ನು ದುರಸ್ತಿಯ ಕಡೆ ತಿರುಗಿಸುತ್ತದೆ. ಇಲಿಗಳಲ್ಲಿ ಅವಿಲ್ಲದಿದ್ದರೆ ಗಾಯ ಕೆಡುತ್ತದೆ. ಬಿ ಕೋಶಗಳು ಮಜ್ಜೆಯಿಂದ ಹೆಚ್ಚು ಮೊನೊಸೈಟ್ ಕರೆತಂದು ಹಾನಿ ಹೆಚ್ಚಿಸಬಹುದೆಂದು ಪ್ಯಾರಿಸ್ಸಿನ ತಂಡ 2013ರಲ್ಲಿ ಇಲಿಗಳಲ್ಲಿ ತೋರಿಸಿತು.

ಅಟ್ಯಾಕ್ ಆಗಿ ಮೂರು ವಾರಕ್ಕೆ ಮತ್ತೆ ಎದೆನೋವು, ಜ್ವರ. ಇನ್ನೊಂದು ಅಟ್ಯಾಕೇ?

ಅದನ್ನು ಆಸ್ಪತ್ರೆಯಲ್ಲೇ ತೀರ್ಮಾನಿಸಬೇಕು, ಮನೆಯಲ್ಲಿ ಕೂತು ಊಹಿಸಬೇಡಿ. ಇನ್ನೊಂದು ಸಾಧ್ಯತೆಯೂ ಇದೆ: ಹೃದಯದ ಹೊರಪೊರೆಗೆ ಉರಿಯೂತ. 1956ರಲ್ಲಿ ವಿಲಿಯಂ ಡ್ರೆಸ್ಲರ್ ಇದನ್ನು ವಿವರಿಸಿದರು. ಸತ್ತ ಸ್ನಾಯುವಿನ ಅಂಶಗಳನ್ನು ರಕ್ಷಣಾ ವ್ಯವಸ್ಥೆ ಪರಕೀಯವೆಂದು ತಿಳಿದು ಮುನಿಯುವುದರಿಂದ ಹೀಗಾಗುತ್ತದೆ ಎಂಬುದು ಒಪ್ಪಿತವಾದ ವಿವರಣೆ. ಉಸಿರೆಳೆದಾಗ, ಮಲಗಿದಾಗ ನೋವು ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ಕಡಿಮೆ ಎಂಬುದು ಇದರ ಗುರುತು. ಈಗ ಅಪರೂಪ, ಚಿಕಿತ್ಸೆಯೂ ಇದೆ.

ಸ್ಟೆಮ್ ಸೆಲ್ ಹಾಕಿದರೆ ಹೃದಯ ಮತ್ತೆ ಬೆಳೆಯುತ್ತದೆ ಎನ್ನುತ್ತಾರಲ್ಲ?

ಜಾಹೀರಾತು ನೋಡಿ ಹೊಲ ಮಾರಲು ಹೊರಟವರು ನನಗೆ ಗೊತ್ತು. ದಯವಿಟ್ಟು ಇದನ್ನು ಓದಿ.

ಸ್ಟೆಮ್ ಸೆಲ್ ಎಂದರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶ. ಹೃದಯದೊಳಗೇ ಸ್ಟೆಮ್ ಸೆಲ್ ಇದೆ, ಅದು ಹೊಸ ಸ್ನಾಯು ಬೆಳೆಸುತ್ತದೆ ಎಂದು ಹಾರ್ವರ್ಡಿನ ಪ್ರಯೋಗಾಲಯವೊಂದು ವರ್ಷಗಟ್ಟಲೆ ಹೇಳುತ್ತಾ ಬಂತು. 2018ರಲ್ಲಿ ಆ ವಿಶ್ವವಿದ್ಯಾಲಯವೇ ಅಲ್ಲಿಂದ ಬಂದ 31 ಪ್ರಬಂಧಗಳನ್ನು ಹಿಂಪಡೆಯಬೇಕೆಂದು ಶಿಫಾರಸು ಮಾಡಿತು. 2020ರಲ್ಲಿ ಅಮೆರಿಕದ ಮೊಲ್ಕೆಂಟಿನ್ ತಂಡ ಇನ್ನೂ ಕಣ್ತೆರೆಸುವ ಕೆಲಸ ಮಾಡಿತು. ಇಲಿಗಳ ಗಾಯಗೊಂಡ ಹೃದಯಕ್ಕೆ ಸ್ಟೆಮ್ ಸೆಲ್ ಚುಚ್ಚಿದರು, ಸ್ವಲ್ಪ ಸುಧಾರಿಸಿತು. ಸತ್ತ ಸ್ಟೆಮ್ ಸೆಲ್ ಚುಚ್ಚಿದರು, ಅಷ್ಟೇ ಸುಧಾರಿಸಿತು. ಕೋಶವೇ ಇಲ್ಲದ, ಯೀಸ್ಟಿನ ಗೋಡೆಯಿಂದ ತೆಗೆದ ಝೈಮೊಸಾನ್ ಚುಚ್ಚಿದರು, ಆಗಲೂ ಸುಧಾರಿಸಿತು. ಎಲ್ಲದರಲ್ಲೂ ಆದದ್ದು ಒಂದೇ: ಮ್ಯಾಕ್ರೊಫೇಜ್‌ಗಳು ಎಚ್ಚೆತ್ತು ಗಾಯದ ನಾರನ್ನು ಗಟ್ಟಿಮಾಡಿದವು. ಹೊಸ ಸ್ನಾಯು ಹುಟ್ಟಲಿಲ್ಲ. ಲಕ್ಷಗಟ್ಟಲೆ ಕೇಳಿ ‘ಹೊಸ ಹೃದಯ’ ಕೊಡುತ್ತೇವೆ ಎನ್ನುವವರನ್ನು ನಂಬಬೇಡಿ.

ಹಾಗಾದರೆ ಹೃದಯ ಪೂರ್ತಿ ಮತ್ತೆ ಬೆಳೆಯುವ ಪ್ರಾಣಿಯೇ ಇಲ್ಲವೇ?

ಇವೆ! ಅಕ್ವೇರಿಯಂನಲ್ಲಿ ಸಾಕುವ ಝೀಬ್ರಾಮೀನಿನ ಹೃತ್ಕುಕ್ಷಿಯ ಐದನೇ ಒಂದು ಭಾಗ ಕತ್ತರಿಸಿದರೂ ಎರಡು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ ಎಂದು 2002ರಲ್ಲಿ ಗೊತ್ತಾಯಿತು. 2011ರಲ್ಲಿ ಟೆಕ್ಸಾಸ್‌ನ ವಿಜ್ಞಾನಿಗಳು ಹುಟ್ಟಿ ಒಂದು ದಿನದ ಇಲಿಮರಿಗೂ ಈ ಶಕ್ತಿ ಇದೆ, ಏಳು ದಿನಕ್ಕೆ ಅದು ಹೋಗಿರುತ್ತದೆ ಎಂದು ಕಂಡರು. ಅದೇ ಎಳೆಯ ಇಲಿಮರಿಯಲ್ಲಿ ಮ್ಯಾಕ್ರೊಫೇಜ್ ತೆಗೆದುಬಿಟ್ಟರೆ ಹೃದಯ ಮತ್ತೆ ಬೆಳೆಯುವುದಿಲ್ಲ, ಕಲೆ ಉಳಿಯುತ್ತದೆ. ಝೀಬ್ರಾಮೀನಿನ ನೆಂಟ ಮೆಡಾಕಾ ಎಂಬ ಮೀನಿಗೆ ಹೃದಯ ಬೆಳೆಸಲು ಬಾರದು; ಅದರ ಗಾಯಕ್ಕೆ ಮ್ಯಾಕ್ರೊಫೇಜ್ ಬರುವುದು ತಡ. 2017ರಲ್ಲಿ ಅದರ ರಕ್ಷಣಾ ವ್ಯವಸ್ಥೆಯನ್ನು ಕೃತಕವಾಗಿ ಬೇಗ ಎಬ್ಬಿಸಿದಾಗ ಆ ಹೃದಯವೂ ಚೇತರಿಸಿಕೊಳ್ಳತೊಡಗಿತು. ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ನಿದ್ದೆ ಎಂದಾಗ ನೆನಪಾಯಿತು, ಅಟ್ಯಾಕ್ ಆದಮೇಲೆ ಅಮ್ಮ ಬಹಳ ನಿದ್ದೆ ಮಾಡುತ್ತಾರೆ. ಎಬ್ಬಿಸಬೇಕೇ?

ಸುಖನಿದ್ದೆಯಾದರೆ ಮಲಗಲಿ ಬಿಡಿ. 2024ರಲ್ಲಿ ನ್ಯೂಯಾರ್ಕಿನ ತಂಡವೊಂದು ಪ್ರಕಟಿಸಿದಂತೆ, ಅಟ್ಯಾಕ್ ಆದ ಇಲಿಗಳಲ್ಲಿ ಮೊನೊಸೈಟ್‌ಗಳು ಮಿದುಳಿಗೂ ಹೋಗಿ ಗಾಢನಿದ್ದೆಯನ್ನು ಹೆಚ್ಚಿಸುತ್ತವೆ, ಆ ನಿದ್ದೆ ಹೃದಯದ ಉರಿಯೂತವನ್ನು ಇಳಿಸುತ್ತದೆ. ನಿದ್ದೆ ಕೆಡಿಸಿದ ಇಲಿಗಳ ಹೃದಯ ಹೆಚ್ಚು ಹಾಳಾಯಿತು. ರೋಗಿಗಳಲ್ಲೂ ಅಟ್ಯಾಕ್ ನಂತರದ ವಾರಗಳಲ್ಲಿ ನಿದ್ದೆಗೆಟ್ಟವರ ಚೇತರಿಕೆ ಹಿಂದುಳಿದಿತ್ತು. ನೋಡಲು ಬರುವ ನೆಂಟರನ್ನು ಸಂಜೆ ಅರ್ಧ ಗಂಟೆಗೆ ಸೀಮಿತಗೊಳಿಸಿ. ಎಬ್ಬಿಸಿದರೂ ಏಳದಂಥ ಮಂಪರು, ತೊದಲು, ಗೊಂದಲ ಇದ್ದರೆ ಅದು ನಿದ್ದೆಯಲ್ಲ, ಆಸ್ಪತ್ರೆಗೆ ಹೊರಡಿ.

ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯ, ಪುಡಿ ಕೊಡಬಹುದೇ?

ಪ್ರೀತಿಯಿಂದ ಕೇಳುತ್ತೀರಿ, ಗೊತ್ತು. ಆದರೆ ಮೇಲಿನದನ್ನೆಲ್ಲ ಓದಿದ ಮೇಲೆ ನಿಮಗೇ ಅನ್ನಿಸಿರಬೇಕು, ಇಲ್ಲಿ ಬೇಕಾದದ್ದು ‘ಹೆಚ್ಚು’ ಅಲ್ಲ. ಹೊತ್ತಿಗೆ ಸರಿಯಾಗಿ ಏರಿ ಹೊತ್ತಿಗೆ ಸರಿಯಾಗಿ ಇಳಿಯಬೇಕು. ಸಕ್ಕರೆ ಕಾಯಿಲೆ, ಇಳಿವಯಸ್ಸು, ಬೀಡಿ ಸಿಗರೇಟು ಈ ಏರಿಳಿತವನ್ನು ಕೆಡಿಸುತ್ತವೆ. ಸಕ್ಕರೆ ಹತೋಟಿಯಲ್ಲಿಡುವುದು, ಹೊಗೆ ಬಿಡುವುದು ಯಾವ ಪುಡಿಗಿಂತಲೂ ದೊಡ್ಡ ಉಪಕಾರ. ರಕ್ತ ತೆಳುಮಾಡುವ ಮಾತ್ರೆಗಳ ಜೊತೆ ಕೆಲವು ನಾಟಿ ಔಷಧಿಗಳು ಸೇರಿದರೆ ರಕ್ತಸ್ರಾವವೂ ಆಗಬಹುದು. ಊಟದ ಸಾರಿನಲ್ಲಿ ಹಾಕುವ ಮೆಣಸು, ಜೀರಿಗೆ, ಅರಿಶಿನಕ್ಕೆ ನನ್ನ ತಕರಾರಿಲ್ಲ.

ಫ್ಲೂ ಲಸಿಕೆ ಹಾಕಿಸಬಹುದೇ, ಹೃದಯಕ್ಕೆ ತೊಂದರೆಯಾಗುವುದಿಲ್ಲವೇ?

ಹಾಕಿಸಿ. ಸ್ವೀಡನ್ನಿನಿಂದ ಬಾಂಗ್ಲಾದೇಶದವರೆಗೆ ಎಂಟು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೆಚ್ಚಾಗಿ ಅಟ್ಯಾಕ್ ಆಗಿ ಆಸ್ಪತ್ರೆ ಸೇರಿದವರಿಗೆ, ಆಂಜಿಯೋಗ್ರಾಂ ಅಥವಾ ಸ್ಟೆಂಟ್ ಆಗಿ 72 ಗಂಟೆಯೊಳಗೆ ಫ್ಲೂ ಲಸಿಕೆ ಕೊಟ್ಟರು. ಒಂದು ವರ್ಷದಲ್ಲಿ ಸಾವು, ಮತ್ತೊಂದು ಅಟ್ಯಾಕ್ ಮುಂತಾದವು ಲಸಿಕೆ ಪಡೆದವರಲ್ಲಿ ಶೇ 5.3, ಪಡೆಯದವರಲ್ಲಿ ಶೇ 7.2. ಹಸಿಗಾಯವಿರುವ ಹೃದಯಕ್ಕೆ ಫ್ಲೂ ಜ್ವರದ ಉರಿಯೂತ ಇನ್ನೊಂದು ಹೊರೆ. ಡಿಸ್ಚಾರ್ಜ್ ಆಗುವ ಮುಂಚೆ ನೀವೇ ಬಾಯಿಬಿಟ್ಟು ಕೇಳಿ.

ಮನೆಗೆ ಬಂದ ಮೇಲೆ ಏನು ಕಂಡರೆ ತಡಮಾಡದೆ ಹೊರಡಬೇಕು?

ಮತ್ತೆ ಎದೆ ಬಿಗಿತ, ಬೆವರು. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು. ಕಣ್ಣು ಕತ್ತಲಿಟ್ಟು ಬೀಳುವುದು, ಎದೆ ಡವಗುಟ್ಟುವುದು. ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿ ಕಾಲು ಊದುವುದು. ಕಪ್ಪು ಮಲ. ಹೊರಡುವಾಗ ಡಿಸ್ಚಾರ್ಜ್ ಚೀಟಿ, ಮಾತ್ರೆಗಳ ಡಬ್ಬಿ ಎರಡನ್ನೂ ಕೈಚೀಲದಲ್ಲಿ ಹಾಕಿಕೊಳ್ಳಿ. ಬಾಗಿಲ ಹತ್ತಿರದ ಮೊಳೆಗೆ ಆ ಚೀಲ ಯಾವಾಗಲೂ ತೂಗುಹಾಕಿರಲಿ. ನಮ್ಮ ದೊಡ್ಡಮ್ಮ ಹಾಗೇ ಇಟ್ಟಿದ್ದಾರೆ.